ಕಲೆಕ್ಷನ್ ಇಲ್ಲದ ರೂಟಿನ ಖರ್ಚು ಯಾರದ್ದು? ಕರ್ನಾಟಕದ ಬಸ್ಸುಗಳ ಒಡೆತನದ ಹಿನ್ನೆಲೆ

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದಂದಿನಿಂದ ಸರ್ಕಾರಿ ಬಸ್ಸು ಹತ್ತಿದ ಹೆಂಗಸರ ಕೈಗೆ ಕಂಡಕ್ಟರು ಆಧಾರ್ ನೋಡಿ ಒಂದು ಚೀಟಿ ಹರಿದುಕೊಡುತ್ತಾರೆ. ಅದರ ಮೇಲೆ ದರ ಸೊನ್ನೆ. ದುಡ್ಡೇ ಕೊಡಬೇಕಾಗಿಲ್ಲದ ಮೇಲೆ ಟಿಕೆಟ್ ಯಾಕೆ ಎಂದು ಮೊದಮೊದಲು ಕೇಳಿದವರಿದ್ದಾರೆ. ಇಳಿಯುವಾಗ ಅದನ್ನು ಸೀಟಿನ ಕೆಳಗೆ ಉದುರಿಸಿ ಹೋಗುವವರೂ ಇದ್ದಾರೆ. ಆದರೆ ಸಾರಿಗೆ ನಿಗಮದ ಲೆಕ್ಕದಲ್ಲಿ ಆ ಚೀಟಿ ಟಿಕೆಟ್ಟಿಗಿಂತ ಹೆಚ್ಚಾಗಿ ಒಂದು ಬಿಲ್ಲು. ಈ ಪ್ರಯಾಣಿಕಳು ಇಲ್ಲಿಂದ ಅಲ್ಲಿಗೆ ಹೋದಳು, ಅದರ ದರ ಇಷ್ಟು, ಇದನ್ನು ಸರ್ಕಾರ ಕೊಡಬೇಕು ಎಂಬ ದಾಖಲೆ ಅದು. ಚೀಟಿ ಹರಿಯದಿದ್ದರೆ ನಿಗಮಕ್ಕೆ ಆ ಪ್ರಯಾಣದ ಹಣ ಕೇಳಲು ಆಧಾರವೇ ಇಲ್ಲ.

ಬಸ್ಸುಗಳನ್ನು ಸರ್ಕಾರವೇ ಓಡಿಸಬೇಕೋ, ಲಾಭಕ್ಕಾಗಿ ದುಡಿಯುವ ಖಾಸಗಿಯವರಿಗೆ ಬಿಡಬೇಕೋ ಎಂಬ ಚರ್ಚೆ ಕನ್ನಡ ನಾಡಿನಲ್ಲಿ ಮುಕ್ಕಾಲು ಶತಮಾನದಿಂದ ನಡೆದಿದೆ. ಟಿಕೆಟ್ ದರ ಏರಿದಾಗ, ನೌಕರರ ಮುಷ್ಕರ ನಡೆದಾಗ ಅದು ಮತ್ತೆ ಮೇಲೆದ್ದು ಬರುತ್ತದೆ. ಇದರ ಇತಿಹಾಸವನ್ನು ಹಿಂದಿನಿಂದ ಓದಿಕೊಂಡು ಬಂದರೆ ಒಡೆತನದ ಜಗಳದ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಉತ್ತರವಿಲ್ಲದೆ ಉಳಿದಿರುವುದು ಕಾಣುತ್ತದೆ: ಕಲೆಕ್ಷನ್ ಆಗದ ಊರಿಗೂ ಬಸ್ ಬೇಕೆಂದಾದರೆ ಅದರ ಖರ್ಚನ್ನು ಯಾರು, ಯಾವ ಖಾತೆಯಿಂದ ತುಂಬಬೇಕು?

ಮೊದಲ ಹಂತದಲ್ಲಿ ಈ ಪ್ರಶ್ನೆ ಅಷ್ಟು ಕಾಡಿದಂತಿಲ್ಲ, ಏಕೆಂದರೆ ಬಸ್ಸು ಆಗ ದುಡಿದು ತರುವ ಉದ್ಯಮವಾಗಿತ್ತು. ಹೈದರಾಬಾದಿನ ನಿಜಾಮರ ಸರ್ಕಾರ 1932ರಲ್ಲಿ ತನ್ನ ರೈಲ್ವೆಯ ಒಂದು ಶಾಖೆಯಾಗಿ 27 ಬಸ್ಸುಗಳನ್ನು ರಸ್ತೆಗಿಳಿಸಿತು. ಬೆಂಗಳೂರಿನಲ್ಲಿ 1940ರಲ್ಲಿ 98 ಬಸ್ಸುಗಳೊಂದಿಗೆ ಹುಟ್ಟಿದ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಖಾಸಗಿಯದು. ಮೈಸೂರಿನಲ್ಲಿ ಕೆ.ಸಿ. ರೆಡ್ಡಿಯವರ ಜನಪ್ರತಿನಿಧಿ ಸರ್ಕಾರ ಬಂದು ಇನ್ನೂ ವರ್ಷ ತುಂಬಿರಲಿಲ್ಲ. 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಇಲಾಖೆ ಎಂಬ ಪದವನ್ನು ಇಲ್ಲಿ ಗಮನಿಸಬೇಕು. ಪೊಲೀಸು, ಲೋಕೋಪಯೋಗಿಗಳ ಹಾಗೆ ಬಸ್ಸೂ ಆಗ ಸರ್ಕಾರದ ಒಂದು ಅಂಗವಾಗಿತ್ತು. ಅದಕ್ಕೆ ನಷ್ಟವಾದರೆ ಅದು ಬೊಕ್ಕಸದ್ದೇ ನಷ್ಟ. ಪ್ರತ್ಯೇಕ ಲೆಕ್ಕಪತ್ರ ಹಿಡಿದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಈ ಸರಳತೆಯನ್ನು ಕೊನೆಗಾಣಿಸಿದ್ದು ಕೇಂದ್ರದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ. ಅದರ 18ನೇ ಕಲಂ ದಕ್ಷವಾದ, ಸಾಕಷ್ಟಾದ, ಮಿತವ್ಯಯದ, ಸುಸಂಬದ್ಧವಾದ ಸಾರಿಗೆ ಒದಗಿಸುವ ಹೊಣೆಯನ್ನು ನಿಗಮದ ಮೇಲೆ ಹೊರಿಸುತ್ತದೆ. ನಾಲ್ಕು ಕಲಂ ದಾಟಿ 22ನೆಯದಕ್ಕೆ ಬಂದರೆ ನಿಗಮ ತನ್ನ ಕೆಲಸವನ್ನು ವ್ಯಾವಹಾರಿಕ ತತ್ವಗಳ ಮೇಲೆ ನಡೆಸಬೇಕು ಎಂದಿದೆ. ಅಂದರೆ ಸೇವೆಯೂ ಆಗಬೇಕು, ವ್ಯಾಪಾರವೂ ಆಗಬೇಕು. ಲಾಭ ಬಂದರೆ ಪ್ರಯಾಣಿಕರ ಸೌಕರ್ಯಕ್ಕೆ, ಕಾರ್ಮಿಕರ ಕಲ್ಯಾಣಕ್ಕೆ, ವಿಸ್ತರಣೆಗೆ ಬಳಸಿ, ಮಿಕ್ಕಿದ್ದನ್ನು ರಸ್ತೆ ಅಭಿವೃದ್ಧಿಗಾಗಿ ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕೆಂದು 30ನೇ ಕಲಂ ಬಿಡಿಸಿ ಹೇಳುತ್ತದೆ. ನಷ್ಟದ ವಿಷಯದಲ್ಲಿ ಕಾಯ್ದೆಗೆ ಅಷ್ಟು ಸ್ಪಷ್ಟವಾದ ಮಾತಿಲ್ಲ. ಸೇವೆಯ 18ನೇ ಕಲಂ ಮತ್ತು ವ್ಯಾಪಾರದ 22ನೇ ಕಲಂ ನಡುವಿನ ತಿಕ್ಕಾಟವೇ ಇವತ್ತಿನವರೆಗೂ ನಡೆಯುತ್ತ ಬಂದಿದೆ ಎಂದರೆ ಉತ್ಪ್ರೇಕ್ಷೆಯಾಗದು. ಮೈಸೂರಿನ ಇಲಾಖೆ 1961ರ ಆಗಸ್ಟ್ 1ರಂದು ಈ ಕಾಯ್ದೆಯಡಿ ನಿಗಮವಾಯಿತು. ರಾಜ್ಯದ ಹೆಸರು 1973ರಲ್ಲಿ ಬದಲಾದ ಮೇಲೆ ಕೆಎಸ್‌ಆರ್‌ಟಿಸಿ ಆಯಿತು.

ಅಷ್ಟರಲ್ಲಿ ಏಕೀಕರಣವಾಗಿತ್ತು. 1956ರಲ್ಲಿ ಕೂಡಿಬಂದ ಪ್ರದೇಶಗಳು ತಂತಮ್ಮ ಬಸ್ಸಿನ ಪದ್ಧತಿಯನ್ನೂ ಹೊತ್ತು ತಂದವು. ಬೆಳಗಾವಿ, ಧಾರವಾಡಗಳಿಗೆ ಮುಂಬಯಿ ರಾಜ್ಯದ ಸರ್ಕಾರಿ ಬಸ್ಸು ಪರಿಚಿತವಿತ್ತು, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದಿನದು. ಮದ್ರಾಸ್ ಪ್ರಾಂತ್ಯದಿಂದ ಬಂದ ದಕ್ಷಿಣ ಕನ್ನಡದಲ್ಲಾದರೋ ಖಾಸಗಿ ಕಂಪನಿಗಳದ್ದೇ ಕಾರುಬಾರು. ಮಂಗಳೂರು, ಉಡುಪಿಗಳಲ್ಲಿ ಇಂದಿಗೂ ಸಿಟಿ ಬಸ್ಸೆಂದರೆ ಬಹುಮಟ್ಟಿಗೆ ಖಾಸಗಿ ಬಸ್ಸೇ. ಇದನ್ನು ಕರಾವಳಿಯವರ ವ್ಯಾಪಾರ ಬುದ್ಧಿಯ ಫಲವೆಂದು ಹೊಗಳುವುದುಂಟು. ಹಳೆಯ ಆಡಳಿತದ ಗಡಿರೇಖೆಗೂ ಅದರಲ್ಲಿ ದೊಡ್ಡ ಪಾಲಿದೆ.

ಖಾಸಗಿಯವರನ್ನು ಒಂದು ದಾರಿಯಿಂದ ಎಬ್ಬಿಸಿ ಸರ್ಕಾರವೇ ಓಡಿಸುವುದಕ್ಕೆ ಸಂವಿಧಾನದ ಬೆಂಬಲವೂ ಬೇಕಿತ್ತು. 1951ರ ಮೊದಲ ತಿದ್ದುಪಡಿ ಸರ್ಕಾರದ ಏಕಸ್ವಾಮ್ಯಕ್ಕೆ ಬಾಗಿಲು ತೆರೆಯಿತು. 1956ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ ಹೊಸ ಅಧ್ಯಾಯ ಮಾರ್ಗಗಳ ರಾಷ್ಟ್ರೀಕರಣದ ವಿಧಾನವನ್ನು ಹೇಳಿತು. ಬೆಂಗಳೂರಿನ ಕಂಪನಿಯನ್ನು ಸರ್ಕಾರ ವಹಿಸಿಕೊಂಡು ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್) ಮಾಡಿದ್ದೂ ಅದೇ ವರ್ಷ. ಇಂಥ ರಾಷ್ಟ್ರೀಕರಣದ ಯೋಜನೆಗಳ ವಿರುದ್ಧ ಬಸ್ ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋದರು.

ದೊಡ್ಡ ಪ್ರಕರಣ ಬಂದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಮದುವೆ, ಪ್ರವಾಸಗಳಿಗೆಂದು ಇಡೀ ಬಸ್ಸನ್ನು ಬಾಡಿಗೆಗೆ ಕೊಡಲು ಪಡೆದ ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರ್ಮಿಟ್ಟಿನಲ್ಲಿ ಕೆಲವು ಮಾಲೀಕರು ಬಿಡಿಬಿಡಿಯಾಗಿ ಜನರನ್ನು ಹತ್ತಿಸಿಕೊಂಡು ಊರಿಂದೂರಿಗೆ ಓಡಿಸುತ್ತಿದ್ದರು. ಸರ್ಕಾರ 1976ರಲ್ಲಿ ಕಾನೂನು ಮಾಡಿ ಆ ವಾಹನಗಳನ್ನೇ ಸ್ವಾಧೀನಪಡಿಸಿಕೊಂಡು ನಿಗಮಕ್ಕೆ ಒಪ್ಪಿಸಿತು. 1977ರಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂವಿಧಾನದ 39(ಬಿ) ವಿಧಿ ಎಲ್ಲರ ಹಿತಕ್ಕಾಗಿ ಹಂಚಿಕೆಯಾಗಬೇಕೆಂದು ಹೇಳುವ ‘ಸಮುದಾಯದ ಭೌತಿಕ ಸಂಪನ್ಮೂಲ’ಗಳಲ್ಲಿ ಖಾಸಗಿ ಸ್ವತ್ತೂ ಸೇರುತ್ತದೆ ಎಂದರು. ಆ ಮಾತು ಮುಂದೆ ದಶಕಗಳ ಕಾಲ ದೇಶದ ಬೇರೆ ಬೇರೆ ಮೊಕದ್ದಮೆಗಳಲ್ಲಿ ಸುತ್ತಾಡಿತು. 2024ರ ನವೆಂಬರ್ 5ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಎಲ್ಲ ಖಾಸಗಿ ಸ್ವತ್ತನ್ನೂ ಹಾಗೆ ಎಣಿಸಲಾಗದು ಎಂದು ಬಹುಮತದಿಂದ ಹೇಳಿದಾಗ, ಆ ಚರ್ಚೆಯ ಬೇರು ಕರ್ನಾಟಕದ ಬಾಡಿಗೆ ಬಸ್ಸುಗಳಲ್ಲಿತ್ತು ಎಂಬುದನ್ನು ನೆನಪಿಸಿಕೊಂಡವರು ಕಡಿಮೆ. 1976ರ ಕಾನೂನನ್ನಾದರೋ ರಾಜ್ಯವೇ 2003ರಲ್ಲಿ ರದ್ದುಮಾಡಿತ್ತು.

ನಡುವೆ ದೇಶದ ಗಾಳಿ ತಿರುಗಿತ್ತು. 1988ರ ಮೋಟಾರು ವಾಹನ ಕಾಯ್ದೆ ಪರ್ಮಿಟ್ ಪಡೆಯುವುದನ್ನು ಸಲೀಸು ಮಾಡಿತು. ಪೈಪೋಟಿಯಿಂದ ಪ್ರಯಾಣಿಕರಿಗೆ ಒಳ್ಳೆಯದಾಗುತ್ತದೆ ಎಂಬುದು ಅದರ ಹಿಂದಿನ ನಂಬಿಕೆ, ಮತ್ತು ಆ ನಂಬಿಕೆಯಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ಪೈಪೋಟಿ ನಡೆಯುವುದು ಎಲ್ಲಿ ಎಂಬುದನ್ನು ನೋಡಬೇಕು.

ನಮ್ಮ ಹಳ್ಳಿಗಳ ವಸತಿ ಬಸ್ಸನ್ನೇ ತೆಗೆದುಕೊಳ್ಳಿ. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು ಕತ್ತಲಾದ ಮೇಲೆ ಕೊನೆಯ ಹಳ್ಳಿ ಮುಟ್ಟುವ ಬಸ್ಸು ದೇವಸ್ಥಾನದ ಮುಂದೆಯೋ ಶಾಲೆಯ ಮೈದಾನದಲ್ಲೋ ರಾತ್ರಿ ಕಳೆಯುತ್ತದೆ; ಡ್ರೈವರು, ಕಂಡಕ್ಟರು ಸೀಟಿನ ಮೇಲೆಯೇ ಹಾಸಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಆರಕ್ಕೆ ಹೊರಡುವಾಗ ಹಾಲಿನ ಕ್ಯಾನು, ಸೊಪ್ಪಿನ ಗಂಟು, ಆಸ್ಪತ್ರೆಗೆ ಹೊರಟ ಮುದುಕರು, ಪಾಸು ಹಿಡಿದ ಕಾಲೇಜು ಹುಡುಗರು. ಬಸ್ಸು ಕಿಕ್ಕಿರಿದು ತುಂಬಿದರೂ ಕಂಡಕ್ಟರ ಚೀಲ ತುಂಬುವುದಿಲ್ಲ, ಏಕೆಂದರೆ ಹತ್ತಿದವರಲ್ಲಿ ಅರ್ಧ ಜನ ಪಾಸಿನವರು. ಡಿಪೊದಲ್ಲಿ ಪ್ರತಿ ಕಿಲೋಮೀಟರಿಗೆ ಬಂದ ಆದಾಯ ಲೆಕ್ಕ ಹಾಕುವಾಗ ಇಂಥ ಶೆಡ್ಯೂಲು ಯಾವಾಗಲೂ ಪಟ್ಟಿಯ ತಳದಲ್ಲಿರುತ್ತದೆ. ಅದು ಓಡುವುದು ಬೆಂಗಳೂರು–ಮೈಸೂರಿನಂಥ ದಾರಿಯಲ್ಲಿ ದುಡಿದ ಹಣದಿಂದ. ಖಾಸಗಿ ಪೈಪೋಟಿ ಬರುವುದಾದರೂ ಆ ಮೈಸೂರು ದಾರಿಗೇ ಹೊರತು ವಸತಿ ಬಸ್ಸಿನ ಹಳ್ಳಿಗಲ್ಲ.

ಸರ್ಕಾರವೂ ತನ್ನ ಕೈಯಾರೆ ಈ ಒಳಗಿನ ಆಸರೆಯನ್ನು ಸಡಿಲಗೊಳಿಸಿದೆ. 1997ರ ಆಗಸ್ಟ್ 15ರಂದು ಬೆಂಗಳೂರಿನ ನಗರ ಸೇವೆ ಬಿಎಂಟಿಸಿ ಎಂದು ಬೇರೆಯಾಯಿತು, ಅದೇ ನವೆಂಬರಿನಲ್ಲಿ ಹುಬ್ಬಳ್ಳಿಯ ವಾಯವ್ಯ ನಿಗಮ, 2000ದಲ್ಲಿ ಕಲಬುರಗಿಯ ಈಶಾನ್ಯ ನಿಗಮ ಹುಟ್ಟಿದವು. ಆಡಳಿತ ಹತ್ತಿರ ಬಂತು, ನಿಜ. ಮುಂದಿನ ದಶಕದಲ್ಲಿ ಬಿಎಂಟಿಸಿ ಲಾಭ ಮಾಡಿ ದೇಶದಲ್ಲೇ ಹೆಸರು ಗಳಿಸಿತು. 2006ರಲ್ಲಿ ವೋಲ್ವೊ ಬಸ್ಸುಗಳನ್ನು ನಗರಕ್ಕೆ ತಂದಿತು, ನಿಲ್ದಾಣಗಳ ಮೇಲೆ ಮಳಿಗೆ ಕಟ್ಟಿ ಬಾಡಿಗೆಗೆ ಬಿಟ್ಟಿತು. ಆದರೆ ರಾಜಧಾನಿಯ ಜನದಟ್ಟಣೆಯಿಂದ ಬಂದ ಆ ಲಾಭ ಕಲಬುರಗಿಯ ಹಳ್ಳಿ ರೂಟಿಗೆ ಹರಿಯುವ ಕಾಲುವೆ ಅಷ್ಟರಲ್ಲಿ ಮುಚ್ಚಿತ್ತು. ಆ ಲಾಭವೂ ಬಹುಕಾಲ ಉಳಿಯಲಿಲ್ಲ.

ಖಾಸಗಿ ಸೇವೆಯನ್ನು ಹೀಗಳೆಯುವುದು ಸುಲಭ, ನ್ಯಾಯವಲ್ಲ. ಕರಾವಳಿಯಲ್ಲಿ ಒಂದು ಬಸ್ಸು ತಪ್ಪಿದರೆ ಐದು ನಿಮಿಷದಲ್ಲಿ ಇನ್ನೊಂದು ಬರುವ ದಾರಿಗಳಿವೆ. ಬಾಗಿಲಲ್ಲಿ ನಿಂತ ಕಂಡಕ್ಟರು ಅಜ್ಜಿಯ ಚೀಲವನ್ನು ತಾನೇ ಎತ್ತಿಡುತ್ತಾನೆ, ಏಕೆಂದರೆ ಆಕೆ ಅವನಿಗೆ ಗಿರಾಕಿ. ಅದೇ ಕಾರಣಕ್ಕೆ ಹಿಂದಿನ ಬಸ್ಸು ತನ್ನ ಟೈಮಿಂಗಿಗೆ ಕೈಹಾಕಿದರೆ ಇಬ್ಬರೂ ನಡುರಸ್ತೆಯಲ್ಲಿ ಜಗಳಕ್ಕೆ ನಿಲ್ಲುತ್ತಾರೆ, ಕಳೆದ ಎರಡು ನಿಮಿಷವನ್ನು ಮುಂದಿನ ತಿರುವಿನಲ್ಲಿ ಗಳಿಸಲು ನೋಡುತ್ತಾರೆ. ರಾತ್ರಿ ಒಂಬತ್ತರ ಮೇಲೆ ಗಿರಾಕಿ ಕಡಿಮೆಯಾದರೆ ಟ್ರಿಪ್ಪೂ ಕಡಿಮೆಯಾಗುತ್ತದೆ. ಗುಣ ದೋಷಗಳೆರಡೂ ಒಂದೇ ಬೇರಿನಿಂದ ಬಂದವು.

ಇವೆರಡಕ್ಕೂ ಹೊರತಾದ ಪ್ರಯೋಗವೊಂದು ಮಲೆನಾಡಿನಲ್ಲಿ ನಡೆದದ್ದನ್ನು ಇಂಥ ಚರ್ಚೆಗಳಲ್ಲಿ ಯಾಕೋ ಮರೆಯಲಾಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಕೆಲಸ ಕಳೆದುಕೊಂಡ ಖಾಸಗಿ ಬಸ್ ಕಂಪನಿಯ ಕಾರ್ಮಿಕರು ತಮಗೆ ಬರಬೇಕಾಗಿದ್ದ ಬಾಕಿಗೆ ಪ್ರತಿಯಾಗಿ ಸಿಕ್ಕ ಆರು ಬಸ್ಸುಗಳಿಂದ 1991ರಲ್ಲಿ ‘ಸಹಕಾರ ಸಾರಿಗೆ’ ಆರಂಭಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಷೇರುದಾರರು. ಘಟ್ಟದ ಕಿರುದಾರಿಗಳಲ್ಲಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟುಕೊಂಡು, ಅದು ಎಪ್ಪತ್ತರ ಆಚೀಚೆ ಬಸ್ಸುಗಳ ಸಂಸ್ಥೆಯಾಗಿ ಬೆಳೆಯಿತು. ಡೀಸೆಲ್, ತೆರಿಗೆ, ವಿಮೆಗಳ ಹೊರೆ ತಾಳಲಾರದೆ 2020ರ ಫೆಬ್ರುವರಿಯಲ್ಲಿ ಅದರ ಬಸ್ಸುಗಳು ನಿಂತವು. ಮಾಲೀಕನ ಲಾಭಕೋರತನ ಅಲ್ಲಿರಲಿಲ್ಲ, ಸರ್ಕಾರಿ ಸೋಮಾರಿತನವೂ ಇರಲಿಲ್ಲ. ರಿಯಾಯಿತಿ ಪಾಸಿನ ಹುಡುಗನ ಉಳಿದ ದರವನ್ನು ಯಾರು ಕೊಡಬೇಕು ಎಂಬ ಹಳೆಯ ಪ್ರಶ್ನೆ ಮಾತ್ರ ಅಲ್ಲಿಯೂ ಇತ್ತು.

ಶಕ್ತಿ ಯೋಜನೆ ಈ ಪ್ರಶ್ನೆಯನ್ನು ಹಿಂದೆಂದೂ ಇಲ್ಲದಷ್ಟು ದೊಡ್ಡದು ಮಾಡಿದೆ. 2025ರ ಜುಲೈ ಹೊತ್ತಿಗೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇದರಿಂದ ಗಿರಾಕಿಗಳನ್ನು ಕಳೆದುಕೊಂಡ ಖಾಸಗಿ ಬಸ್ ಮಾಲೀಕರು ಯೋಜನೆಯನ್ನು ತಮ್ಮ ಬಸ್ಸುಗಳಿಗೂ ವಿಸ್ತರಿಸಿ, ಹಣವನ್ನು ಸರ್ಕಾರ ಕೊಡಲಿ ಎಂದು ಕೇಳಿದರು. ಮೇಲುನೋಟಕ್ಕೆ ವಿಚಿತ್ರವೆನಿಸಿದರೂ ಇದು ತರ್ಕಬದ್ಧವಾದ ಬೇಡಿಕೆ: ಸರ್ಕಾರ ಪ್ರಯಾಣಕ್ಕೆ ಹಣ ಕೊಡುವುದಾದರೆ ಬಸ್ಸಿನ ಬಣ್ಣ ಯಾಕೆ ನೋಡಬೇಕು? ಇನ್ನೊಂದೆಡೆ, ನಾಲ್ಕು ನಿಗಮಗಳು ಭವಿಷ್ಯನಿಧಿ ಮತ್ತು ಇಂಧನದ ಬಾಕಿ ತೀರಿಸಲು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿಗೆ ಕೊಡಬೇಕಾಯಿತು, 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿತು. ಏರಿದ ದರವನ್ನು ಕೈಯಿಂದ ಕೊಡುವವರು ಬಹುಪಾಲು ಗಂಡಸರು. ಹೆಂಗಸರ ಪಾಲಿನ ಏರಿಕೆ ಸೊನ್ನೆ ದರದ ಚೀಟಿಯ ಮೂಲಕ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ.

ಈಗ ಸರ್ಕಾರಿ, ಖಾಸಗಿ ಎಂಬ ಗೆರೆಯೇ ಬಸ್ಸಿನ ಒಳಗೆ ಬಂದು ನಿಂತಿದೆ. 2021ರ ಕೊನೆಯಿಂದ ಬಿಎಂಟಿಸಿಗೆ ಬರತೊಡಗಿದ ವಿದ್ಯುತ್ ಬಸ್ಸುಗಳಲ್ಲಿ ವಾಹನ ಮತ್ತು ಡ್ರೈವರು ಗುತ್ತಿಗೆ ಕಂಪನಿಯವರು, ಕಂಡಕ್ಟರು ಮತ್ತು ರೂಟು ನಿಗಮದವು. ಕಂಪನಿಗೆ ಓಡಿದ ಕಿಲೋಮೀಟರಿಗೆ ಇಷ್ಟೆಂದು ಹಣ ಸಂದಾಯವಾಗುತ್ತದೆ. ಬಸ್ಸು ತುಂಬಿ ಓಡಲಿ, ಖಾಲಿ ಓಡಲಿ, ಅದರ ಲೆಕ್ಕ ಬದಲಾಗದು. ಸ್ಟೇರಿಂಗ್ ಹಿಡಿದವನಿಗೆ ಕಲೆಕ್ಷನ್ನಿನ ಹಂಗಿಲ್ಲ, ಎರಡು ನಿಮಿಷಕ್ಕಾಗಿ ಹಿಂದಿನ ಬಸ್ಸಿನೊಂದಿಗೆ ಜಗಳವಿಲ್ಲ. ಹಾಗೆಯೇ ನಿಲ್ದಾಣದಲ್ಲಿ ಕೈಯೊಡ್ಡಿ ನಿಂತ ಇಬ್ಬರಿಗಾಗಿ ಬ್ರೇಕ್ ಒತ್ತುವುದರಿಂದ ಲಾಭವೂ ಇಲ್ಲ. ಗುತ್ತಿಗೆ ಡ್ರೈವರುಗಳು ಸಂಬಳಕ್ಕಾಗಿ ಕೆಲಸ ನಿಲ್ಲಿಸಿದ ದಿನಗಳಲ್ಲಿ, ಬಸ್ಸಿಗಾಗಿ ಕಾದು ನಿಂತವರು ಕೇಳಿದ್ದು ನಿಗಮದ ಟೈಮ್ ಕೀಪರನ್ನೇ. ಆತ ಕಂಪನಿಯ ಕಡೆ ಕೈ ತೋರಿಸುವುದರ ಹೊರತು ಬೇರೇನೂ ಮಾಡುವಂತಿರಲಿಲ್ಲ.