ವಯಸ್ಸಾದಂತೆ ಮಿದುಳಿನ ರಕ್ತಹರಿವು: 48 ಅಂದರೆ ನಿಜಕ್ಕೂ 48ಏನಾ?

ಮಿದುಳಿನ ತೂಕ ದೇಹದ ಶೇ. 2 ಮಾತ್ರ, ವಿಶ್ರಾಂತಿಯಲ್ಲಿ ಹೃದಯ ಹೊರಹಾಕುವ ರಕ್ತದಲ್ಲಿ ಸುಮಾರು ಶೇ. 15 ಅದರ ಪಾಲು. ವಯಸ್ಕರಲ್ಲಿ ಸರಾಸರಿ ಹರಿವು 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ 50 ಮಿ.ಲೀ. ನರಕೋಶಗಳ ಒಡಲಿರುವ ಬೂದು ದ್ರವ್ಯಕ್ಕೆ ಹೆಚ್ಚು, ನರತಂತುಗಳಿರುವ ಬಿಳಿ ದ್ರವ್ಯಕ್ಕೆ ಕಡಿಮೆ. ಆರೋಗ್ಯವಂತರಲ್ಲೂ ಇದು ವಯಸ್ಸಿನೊಂದಿಗೆ ವರ್ಷಕ್ಕೆ ಶೇ. ಅರ್ಧದ ಆಸುಪಾಸು ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಇಲ್ಲಿಯವರೆಗೆ ಸುಲಭ.

ಈಗ ನನಗೆ ಬಹಳ ಹೊತ್ತು ಹಿಡಿದ ಜಾಗ. ಇಳಿದದ್ದು ಹರಿವೋ, ಅಂಗಾಂಶವೋ?

ಸ್ಕ್ಯಾನ್ ಚಿತ್ರ ಪುಟ್ಟ ಘನಗಳಿಂದ, ಅಂದರೆ ವಾಕ್ಸೆಲ್‌ಗಳಿಂದ ಆಗಿದೆ. ಒಂದು ವಾಕ್ಸೆಲ್ ಪೂರ್ತಿ ಬೂದು ದ್ರವ್ಯವಾಗಿದ್ದು, ಅದರ ಹರಿವು 60 ಎಂದುಕೊಳ್ಳಿ. ವಯಸ್ಸಾದಂತೆ ಕಾರ್ಟೆಕ್ಸ್, ಅಂದರೆ ಮಿದುಳಿನ ಬೂದು ಹೊರಪದರ, ತೆಳುವಾಗುತ್ತದೆ, ಬಿಟ್ಟ ಜಾಗಕ್ಕೆ ಮಿದುಳನ್ನು ಸುತ್ತುವರಿದಿರುವ ಸಿಎಸ್‌ಎಫ್ ದ್ರವ ಬರುತ್ತದೆ. ಆ ದ್ರವಕ್ಕೆ ರಕ್ತಹರಿವೇ ಇಲ್ಲ. ಅದೇ ವಾಕ್ಸೆಲ್‌ನಲ್ಲಿ ಈಗ ಶೇ. 80 ಬೂದು ದ್ರವ್ಯ, ಶೇ. 20 ಸಿಎಸ್‌ಎಫ್ ಇದ್ದರೆ ಯಂತ್ರ ತೋರಿಸುವುದು 0.8 × 60 = 48. ನೋಡಿದವರಿಗೆ ಹರಿವು ಶೇ. 20 ಕುಸಿದಂತೆ ಕಾಣುತ್ತದೆ. ಆದರೆ ಉಳಿದಿರುವ ಅಂಗಾಂಶದ ಪ್ರತಿ ಗ್ರಾಂಗೂ ಮೊದಲಿನಷ್ಟೇ ರಕ್ತ ಸಿಗುತ್ತಿದೆ! 48 ಅನ್ನು 0.8ರಿಂದ ಭಾಗಿಸಿ: ಮತ್ತೆ 60. ಇದೇ ಪಾರ್ಶಿಯಲ್ ವಾಲ್ಯೂಮ್ ತಿದ್ದುಪಡಿ. ಬಿಳಿ ದ್ರವ್ಯವೂ ಬೆರೆತಿದ್ದರೆ ಅದರ ಪಾಲನ್ನೂ ಲೆಕ್ಕಕ್ಕೆ ತರಬೇಕು; ತತ್ತ್ವ ಬದಲಾಗದು. ತಿದ್ದಿದ ಮೇಲೆ ವಯಸ್ಸಿನ ಇಳಿಕೆ ಗಣನೀಯವಾಗಿ ಸಣ್ಣದಾಗುತ್ತದೆ, ಕೆಲವು ಅಧ್ಯಯನಗಳಲ್ಲಿ ಬಹುಪಾಲು ಮಾಯವೇ ಆಗುತ್ತದೆ. ಹಾಗಾಗಿ ಯಾವ ಗ್ರಾಫ್ ನೋಡಿದರೂ ನಾನು ಮೊದಲು ಹುಡುಕುವುದು ಈ ತಿದ್ದುಪಡಿ ಆಗಿದೆಯೇ ಎಂದು.

ಇದೇ ಗೊಂದಲದ ಇನ್ನೊಂದು ಮುಖ ಏಕಮಾನ. 1400 ಗ್ರಾಂ ಮಿದುಳಿಗೆ ನಿಮಿಷಕ್ಕೆ 700 ಮಿ.ಲೀ., 1300 ಗ್ರಾಂಗೆ 650 ಮಿ.ಲೀ. ಒಟ್ಟು ಹರಿವು ಇಳಿದಿದೆ, 100 ಗ್ರಾಂಗೆ ಮಾತ್ರ ಎರಡರಲ್ಲೂ 50.

ಎಎಸ್‌ಎಲ್ ಎಂಆರ್‌ಐನಲ್ಲಿ ಇನ್ನೊಂದು ತೊಡಕು. ಇದು ಹರಿವನ್ನು ಅಳೆಯುವ ಒಂದು ಸ್ಕ್ಯಾನ್ ವಿಧಾನ. ಕುತ್ತಿಗೆಯ ಬಳಿ ರಕ್ತಕ್ಕೆ ಕಾಂತೀಯ ಗುರುತು ಹಾಕಿ, ಅದು ಮಿದುಳು ತಲುಪಲು ಕಾದು ಚಿತ್ರ ತೆಗೆಯುತ್ತಾರೆ. ಹಿರಿಯರಲ್ಲಿ ರಕ್ತ ತಡವಾಗಿ ತಲುಪುತ್ತದೆ. ಬೇಗ ಚಿತ್ರ ತೆಗೆದರೆ ಹರಿವು ಕಡಿಮೆ ಎಂದೇ ಕಾಣುತ್ತದೆ. ಅದಕ್ಕೇ 2015ರ ತಜ್ಞರ ಶಿಫಾರಸು ಆರೋಗ್ಯವಂತರಲ್ಲಿ 70 ವರ್ಷದೊಳಗಿನವರಿಗೆ 1800, ಮೇಲ್ಪಟ್ಟವರಿಗೆ 2000 ಮಿಲಿಸೆಕೆಂಡ್ ಕಾಯಿರಿ ಎನ್ನುತ್ತದೆ. ಮಿತಿಮೀರಿ ಕಾಯುವಂತೆಯೂ ಇಲ್ಲ, ಗುರುತು ಅಷ್ಟರಲ್ಲಿ ಮಾಸುತ್ತಿರುತ್ತದೆ.

ಇನ್ನು ಹೋಲಿಕೆಯ ಗುಂಪುಗಳಲ್ಲಿ ಹೆಂಗಸರು ಎಷ್ಟು, ಗಂಡಸರು ಎಷ್ಟು ನೋಡಿ: ಹೆಂಗಸರ ಹರಿವು ಸರಾಸರಿ ಹೆಚ್ಚು. ರಕ್ತದ ಇಂಗಾಲದ ಡೈಆಕ್ಸೈಡ್ ತುಸು ಏರಿದರೂ ಹರಿವು ಏರುತ್ತದೆ, ಹೋಲಿಸುವಾಗ ಅದನ್ನೂ ನೋಡಿ.