40 ಮೀಟರ್ ಬಲೆ, ಮೂರು ಕಡೆ ಬೇಲಿ

ಶಿರಸಿಯಲ್ಲಿ ಗಣಿತದ ಟ್ಯೂಷನ್ ಹೇಳುವವನಿಗೆ ದನದ ಕಾಟದ ಲೆಕ್ಕವೂ ಬರುತ್ತದೆ. ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಬಳು ಕೇಳಿದಳು: "ಸರ್, 40 ಮೀಟರ್ ತಂತಿ ಬಲೆ ತಂದಿದ್ದಾರೆ. ಹಿತ್ತಿಲ ಗೋಡೆಗೆ ತಾಗಿಸಿ ಮೂರು ಕಡೆ ಕಟ್ಟಬೇಕು. ತರಕಾರಿಗೆ ಜಾಸ್ತಿ ಜಾಗ ಸಿಗಬೇಕಂದ್ರೆ ಅಗಲ ಎಷ್ಟು ಇಡಬೇಕು? ಪಿಯುಸಿ ಓದೋ ಅಣ್ಣ 10 ಅಂದ. ಯಾಕೆ ಅಂತ ಕೇಳಿದ್ರೆ, ನಿಂಗೆ ಕ್ಯಾಲ್ಕುಲಸ್ ಬರಲ್ಲ ಬಿಡು ಅಂತಾನೆ."

ಕ್ಯಾಲ್ಕುಲಸ್ ಬೇಡ. ಮೊದಲು ಸುಮ್ನೆ ಹಾಕಿ ನೋಡು ಅಂದೆ. ಅಗಲ 8 ಇಟ್ಟರೆ ಎರಡು ಬದಿಗೆ 16 ಹೋಯಿತು, ಉದ್ದಕ್ಕೆ 24 ಉಳಿಯಿತು. ಜಾಗ 192 ಚದರ ಮೀಟರ್. 9 ಇಟ್ಟರೆ 198. 10ಕ್ಕೆ 200. 11ಕ್ಕೆ ಮತ್ತೆ 198, 12ಕ್ಕೆ 192. "ಅರೆ, ಕನ್ನಡಿಯಲ್ಲಿ ನೋಡಿದ ಹಾಗಿದೆ" ಅಂದಳು. ಅದೇ ವಿಷಯ. ವರ್ಗದ ಲೆಕ್ಕ ಯಾವಾಗಲೂ ನಡುವಿನ ಒಂದು ಗೆರೆಯ ಎರಡೂ ಕಡೆ ಒಂದೇ ಥರ ಇಳಿಯುತ್ತದೆ, ಇಲ್ಲವೇ ಒಂದೇ ಥರ ಏರುತ್ತದೆ. ಬೆಲೆ ಸೊನ್ನೆಯಾಗುವ ಎರಡು ಜಾಗ ಸಿಕ್ಕರೆ ಅವುಗಳ ಸರಿ ನಡುವೆಯೇ ತುದಿ. ಇಲ್ಲಿ ಅಗಲ 0 ಆದರೂ ಜಾಗ ಸೊನ್ನೆ, 20 ಆದರೂ ಸೊನ್ನೆ. ನಡುವೆ 10.

ಆದರೆ ಐದು ಸಂಖ್ಯೆ ಹಾಕಿ ನೋಡಿದ್ದು ಸಾಬೀತಾಗಲಿಲ್ಲ, ಅಲ್ವಾ? 10.3ಕ್ಕೆ ಜಾಸ್ತಿ ಬಂದರೆ? ಅದಕ್ಕೇ ವರ್ಗ ಪೂರ್ಣಗೊಳಿಸುವುದು. ಅಗಲವನ್ನು 'ಅ' ಅನ್ನೋಣ. ಜಾಗ 40ಅ − 2ಅ². ಮೈನಸ್ 2 ಹೊರಗೆ ತೆಗೆದರೆ ಒಳಗೆ ಅ² − 20ಅ. 20ರ ಅರ್ಧ 10, ಅದರ ವರ್ಗ 100. ಆ 100ನ್ನು ಒಳಗೆ ಕೂಡಿಸಿ, ಹೊರಗೆ ಸರಿದೂಗಿಸಬೇಕು. ತರಗತಿಯ ಅರ್ಧ ಮಕ್ಕಳು ಎಡವುವುದು ಇಲ್ಲೇ: ಹೊರಗೂ 100 ಅಂತ ಬರೆದುಬಿಡುತ್ತಾರೆ. ಒಳಗಿನ 100ಕ್ಕೆ ಹೊರಗಿನ ಮೈನಸ್ 2 ತಾಗಿರುತ್ತದೆ, ಹಾಗಾಗಿ ಅಸಲಿಗೆ ಕಳೆದದ್ದು 200. ವಾಪಸ್ ಕೊಡಬೇಕಾದ್ದೂ 200.

ಜಾಗ = 200 − 2(ಅ − 10)²

ಈ ಸಾಲನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂರಿ. ಯಾವ ಸಂಖ್ಯೆಯ ವರ್ಗವೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅಂದರೆ 200ರಿಂದ ಏನಾದರೂ ಕಳೆಯುತ್ತಲೇ ಇರುತ್ತೇವೆ. ಏನೂ ಕಳೆಯದೆ ಇರುವುದು ಅ = 10 ಆದಾಗ ಮಾತ್ರ. 10.3 ಇರಲಿ, 9.999 ಇರಲಿ, 200 ಮುಟ್ಟುವುದಿಲ್ಲ. ತುದಿ ಎಲ್ಲಿದೆ ಎಂದು ಹೇಳುವ ಸೂತ್ರ ಬಾಯಿಪಾಠ ಮಾಡಿ 'ಮೈನಸ್ ಬಿ ಬೈ ಟೂ ಎ' ಅನ್ನುವವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ.

ಇದೇನು ಹೊಸದಲ್ಲ. ಕ್ಯಾಲ್ಕುಲಸ್ ರೂಪ ಪಡೆದದ್ದು 17ನೇ ಶತಮಾನದಲ್ಲಿ. ವರ್ಗ ಪೂರ್ಣಗೊಳಿಸುವ, ಹಳೆಯ ಗಣಿತಜ್ಞ ಶ್ರೀಧರಾಚಾರ್ಯನ ವಿಧಾನವನ್ನು 12ನೇ ಶತಮಾನದ ಗಣಿತಜ್ಞ ಎರಡನೇ ಭಾಸ್ಕರ ಅವನ ಹೆಸರು ಹೇಳಿಯೇ ಕೊಟ್ಟಿದ್ದಾನೆ.

ಅಂಗಡಿಯವರಿಗೂ ಇದು ಕೆಲಸಕ್ಕೆ ಬರುತ್ತದೆ. ಒಂದು ಬಾಟಲಿ ಮುರುಗಲು ಶರಬತ್ತಿಗೆ 60 ರೂಪಾಯಿ ಖರ್ಚು ಅಂದುಕೊಳ್ಳಿ. 220ಕ್ಕೆ ಇಟ್ಟರೆ ಯಾರೂ ಕೊಳ್ಳುವುದಿಲ್ಲ. 60ಕ್ಕೆ ಮಾರಿದರೂ ಲಾಭ ಸೊನ್ನೆ, 220ಕ್ಕೂ ಸೊನ್ನೆ. ನಡುವಿನ 140ಕ್ಕೆ ಲಾಭ ಜಾಸ್ತಿ. ದರ ಏರಿದ ಹಾಗೆ ಗಿರಾಕಿ ಒಂದೇ ಸಮ ಕಡಿಮೆಯಾಗಬೇಕು, ಅಷ್ಟೇ ಷರತ್ತು. ಪ್ರವಾಸಿಗಳ ಸೀಸನ್ನಿನಲ್ಲಿ ಗೋಕರ್ಣದ ದಾರಿಯಲ್ಲಿ ಈ ಷರತ್ತು ನಿಲ್ಲುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಬಲೆ ಕಟ್ಟುವ ದಿನ ಹುಡುಗಿ ಫೋನ್ ಮಾಡಿದಳು. "ಸರ್, ಅಗಲ 10 ಇಟ್ರೆ ಉದ್ದ 20 ಬೇಕು. ನಮ್ಮ ಗೋಡೆ ಇರೋದೇ 16 ಮೀಟರ್!" ನಾನೂ ಕೇಳಿರಲಿಲ್ಲ, ತಪ್ಪು ನನ್ನದೇ. ಉದ್ದ 16 ದಾಟುವಂತಿಲ್ಲ ಅಂದರೆ ಅಗಲ 12ಕ್ಕಿಂತ ಕಡಿಮೆ ಆಗುವಂತಿಲ್ಲ. ಆಗ ಆ ಸಾಲನ್ನೇ ಇನ್ನೊಮ್ಮೆ ಓದಬೇಕು: 10ರಿಂದ ಎಷ್ಟು ದೂರ ಹೋದರೆ ಅಷ್ಟು ಕಳೆಯುತ್ತದೆ, ಹಾಗಾದರೆ ಆದಷ್ಟು ಹತ್ತಿರ ಇರು. ಹತ್ತಿರದ್ದು 12. ದೂರ 2, ಅದರ ವರ್ಗ 4, ಕಳೆಯುವುದು 8. ನಾನು ಹೇಳುವ ಮೊದಲೇ ಅವಳು 192 ಅಂದಳು.

"ಅಣ್ಣ ಏನಂತಾನೆ?" ಕೇಳಿದೆ.

"ಅವ ಇನ್ನೂ 10 ಅಂತಲೇ ಹೇಳ್ತಿದ್ದಾನೆ, ಸರ್."