ರಕ್ತದಲ್ಲಿರುವ ಕಬ್ಬಿಣವನ್ನು ಅಯಸ್ಕಾಂತ ಎಳೆಯುವುದಿಲ್ಲವೇ?

ಪ್ರಶ್ನೆ: ಅಮ್ಮನಿಗೆ ಎಂಆರ್‌ಐ ಮಾಡಿಸಬೇಕು ಎಂದಿದ್ದಾರೆ. ರಕ್ತದಲ್ಲಿ ಕಬ್ಬಿಣ ಇರುತ್ತದಲ್ಲ, ಅಷ್ಟು ದೊಡ್ಡ ಅಯಸ್ಕಾಂತ ಅದನ್ನು ಎಳೆಯುವುದಿಲ್ಲವೇ?

ಉತ್ತರ: ಎಳೆಯುವುದಿಲ್ಲ, ಧೈರ್ಯವಾಗಿರಿ. ದೊಡ್ಡವರ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿದರೂ ಸುಮಾರು 3–4 ಗ್ರಾಂ, ಒಂದು ಮೊಳೆಯಷ್ಟು. ಆದರೆ ಮೊಳೆಯಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂತು, ಒಟ್ಟಾಗಿ ಒಂದೇ ದಿಕ್ಕಿಗೆ ತಿರುಗಬಲ್ಲವು. ರಕ್ತದಲ್ಲಿ ಆಕ್ಸಿಜನ್ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ನಿನ ಒಂದು ಅಣುವಿನಲ್ಲಿರುವುದು ಕಬ್ಬಿಣದ ನಾಲ್ಕೇ ಪರಮಾಣು, ಅವೂ ಒಂದಕ್ಕೊಂದು ದೂರ.

ಹಾಗೆಂದು ಆ ಒಂಟಿ ಕಬ್ಬಿಣಕ್ಕೆ ಕಾಂತಗುಣವೇ ಇಲ್ಲವೆಂದಲ್ಲ. ಇದೆ, ಮತ್ತು ಅದು ನಮ್ಮ ಉಸಿರಿನ ಜೊತೆ ಬದಲಾಗುತ್ತದೆ! ನನಗೆ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಸಂಗತಿ ಕಂಡಿಲ್ಲ.

ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ 1845ರಲ್ಲಿ ಒಣಗಿದ ರಕ್ತವನ್ನು ಪರೀಕ್ಷಿಸಿ, ಕಬ್ಬಿಣವಿದ್ದೂ ಸೆಳೆತವಿಲ್ಲ ಎಂದು ಕಂಡುಕೊಂಡರು. ತಾಜಾ ರಕ್ತವನ್ನೂ ನೋಡಬೇಕು ಎಂದು ಬರೆದಿಟ್ಟರು. 1936ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರಾದ ಪಾಲಿಂಗ್ ಮತ್ತು ಕೊರಿಯೆಲ್ ಅದನ್ನು ಅಳೆದೇ ಬಿಟ್ಟರು. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಒಲಿಯಲಿಲ್ಲ. ಆಕ್ಸಿಜನ್ ಬಿಟ್ಟುಕೊಟ್ಟದ್ದು ಒಲಿಯಿತು. ಕಬ್ಬಿಣ ಅದೇ, ಪ್ರೋಟೀನೂ ಅದೇ.

ಬದಲಾದದ್ದು ಎಲೆಕ್ಟ್ರಾನುಗಳು ಕೂರುವ ರೀತಿ. ಐದು ಜೋಡಿ ಸೀಟಿರುವ ಬಸ್ಸಿಗೆ ಆರು ಅಪರಿಚಿತರು ಹತ್ತಿದರು ಎನ್ನಿ. ಐವರು ಒಂದೊಂದು ಸೀಟು ಹಿಡಿಯುತ್ತಾರೆ, ಆರನೆಯವರು ಯಾರದೋ ಪಕ್ಕ ಕೂರುತ್ತಾರೆ. ನಾಲ್ವರು ಒಂಟಿ. ಆಕ್ಸಿಜನ್ ಇಲ್ಲದಾಗ ಕಬ್ಬಿಣದ ಹೊರಗಿನ ಆರು ಎಲೆಕ್ಟ್ರಾನುಗಳೂ ಐದು ಕಕ್ಷಕಗಳಲ್ಲಿ, ಅಂದರೆ ಎಲೆಕ್ಟ್ರಾನುಗಳ ಸೀಟುಗಳಲ್ಲಿ, ಹೀಗೇ ಇರುತ್ತವೆ. ಎಲೆಕ್ಟ್ರಾನನ್ನು ಪುಟಾಣಿ ಅಯಸ್ಕಾಂತವಾಗಿಸುವ ಗುಣವೇ ಸ್ಪಿನ್. ಜೋಡಿಯಾದವುಗಳ ಸ್ಪಿನ್ ಒಂದನ್ನೊಂದು ರದ್ದು ಮಾಡುತ್ತದೆ, ಹಾಗಾಗಿ ಒಂಟಿ ಎಲೆಕ್ಟ್ರಾನಿನ ಸ್ಪಿನ್ನೇ ಕಾಂತಗುಣದ ಮೂಲ. ಇದು ಹೈ ಸ್ಪಿನ್ ಸ್ಥಿತಿ. ಆಕ್ಸಿಜನ್ ಬಂದು ಅಂಟಿದಾಗ ಎರಡು ಕಕ್ಷಕಗಳ ಶಕ್ತಿಮಟ್ಟ ಮೇಲಕ್ಕೆ ಹೋಗುತ್ತದೆ, ಅಲ್ಲಿ ಕೂರುವುದು ದುಬಾರಿ. ಆರೂ ಉಳಿದ ಮೂರರಲ್ಲಿ ಜೋಡಿಯಾಗುತ್ತವೆ: ಲೋ ಸ್ಪಿನ್. ಇದು ಪಾಲಿಂಗ್ ಕೊಟ್ಟ ಚಿತ್ರ. 1964ರಲ್ಲಿ ವೈಸ್ ಎಂಬ ವಿಜ್ಞಾನಿ, ಒಂದು ಎಲೆಕ್ಟ್ರಾನ್ ಆಕ್ಸಿಜನ್ ಕಡೆಗೇ ಹೋಗಿ ಅಲ್ಲಿಂದ ಕಬ್ಬಿಣದ ಒಂಟಿ ಸ್ಪಿನ್ನನ್ನು ರದ್ದು ಮಾಡುತ್ತದೆ ಎಂದರು. ಆ ವಾದ ಇನ್ನೂ ನಡೆದೇ ಇದೆ. ಒಟ್ಟು ಸ್ಪಿನ್ ಸೊನ್ನೆ ಎಂಬುದರಲ್ಲಿ ಮಾತ್ರ ಜಗಳವಿಲ್ಲ.

ಲೋ ಸ್ಪಿನ್ ಕಬ್ಬಿಣ ಗಾತ್ರದಲ್ಲಿ ತುಸು ಚಿಕ್ಕದು. ಹೀಮ್ ಎಂಬ ಚಪ್ಪಟೆ ಉಂಗುರದಿಂದ ಹೊರಗೆ ಚಾಚಿಕೊಂಡಿದ್ದದ್ದು ಈಗ ಅದರ ಮಟ್ಟಕ್ಕೆ ಇಳಿಯುತ್ತದೆ. ಸರಿಯುವುದು ಸುಮಾರು 0.4 ಆಂಗ್‌ಸ್ಟ್ರಾಮ್, ಅಂದರೆ ಒಂದು ಮಿಲಿಮೀಟರಿನ ಎರಡೂವರೆ ಕೋಟಿಯಲ್ಲೊಂದು ಪಾಲು. ಆದರೆ ಸರಿಯುವಾಗ ತನಗಂಟಿದ ಹಿಸ್ಟಿಡಿನ್ ಎಂಬ ಪ್ರೋಟೀನಿನ ತುಣುಕನ್ನೂ ಎಳೆದುಕೊಳ್ಳುತ್ತದೆ. ಆ ಎಳೆತ ಪ್ರೋಟೀನಿನುದ್ದಕ್ಕೂ ಹಬ್ಬಿ, ಮಿಕ್ಕ ಮೂರು ಕಬ್ಬಿಣಗಳು ಆಕ್ಸಿಜನ್ ಹಿಡಿಯುವುದು ಸಲೀಸಾಗುತ್ತದೆ. 1970ರಲ್ಲಿ ಪೆರುಟ್ಜ್ ಎಂಬ ವಿಜ್ಞಾನಿ ಕೊಟ್ಟ ವಿವರಣೆ ಇದು.

ಎಂಆರ್‌ಐಗೆ ಬರೋಣ. ಆಕ್ಸಿಜನ್ ಕಳೆದುಕೊಂಡ ರಕ್ತದಲ್ಲೂ ಅಯಸ್ಕಾಂತದಿಂದ ದೂರ ಸರಿಯುವ ನೀರು ಮತ್ತು ಪ್ರೋಟೀನಿನ ಎದುರು ಕಬ್ಬಿಣದ ಆಟ ನಡೆಯುವುದಿಲ್ಲ. ಒಟ್ಟಾರೆ ರಕ್ತವನ್ನು ಅಯಸ್ಕಾಂತ ಬಲು ಮೆಲ್ಲಗೆ ದೂರವೇ ತಳ್ಳುತ್ತದೆ. ಆದರೆ ಒಂಟಿ ಎಲೆಕ್ಟ್ರಾನುಗಳು ಸುತ್ತಲಿನ ಕಾಂತಕ್ಷೇತ್ರವನ್ನು ಚೂರು ಕದಡುತ್ತವೆ, ಚಿತ್ರದಲ್ಲಿ ಆ ಜಾಗ ಕಪ್ಪಾಗುತ್ತದೆ. 1990ರಲ್ಲಿ ವಿಜ್ಞಾನಿ ಸೇಜಿ ಒಗಾವಾ ಇಲಿಗಳ ಮಿದುಳಿನಲ್ಲಿ ಇದನ್ನು ತೋರಿಸಿದರು: ಗಾಳಿ ಉಸಿರಾಡುವಾಗ ಕಪ್ಪಗೆ ಕಂಡ ರಕ್ತನಾಳಗಳು, ಶುದ್ಧ ಆಕ್ಸಿಜನ್ ಕೊಟ್ಟಾಗ ಮಾಸಿಹೋದವು. ಮಿದುಳಿನ ಯಾವ ಭಾಗ ಕೆಲಸದಲ್ಲಿದೆ ಎಂದು ಹೇಳುವ ಎಫ್‌ಎಂಆರ್‌ಐ ಹುಟ್ಟಿದ್ದು ಅಲ್ಲಿಂದ.

ಅಮ್ಮನ ರಕ್ತದ ಚಿಂತೆ ಬಿಡಿ. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಹಳೇ ಆಪರೇಷನ್ನಿನ ಕ್ಲಿಪ್ಪು ಇದ್ದರೆ ಮಾತ್ರ ಸ್ಕ್ಯಾನ್‌ಗೆ ಮೊದಲೇ ತಪ್ಪದೆ ತಿಳಿಸಿ.